ಕೂಸು ಹುಟ್ಟುವ ಮೊದಲೇ ಕುಲಾವಿ

ಕೊಳೆರೋಗ, ಕಾಂಡಕೊರಕ, ಬೋರ್ಡೋ ದ್ರಾವಣ, ವಾರದ ಧಾರಣೆ ಇವುಗಳಿಗೇ ಮೀಸಲಾದ ನಮ್ಮ ಪತ್ರಿಕೆಯಲ್ಲಿ ಕುದುರೆಗೇನು ಕೆಲಸ ಎಂದು ಸದಸ್ಯ ಬಾಂಧವರು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ಈಚಿನ ಕೆಲವು ಚಳಿಗಾಲಗಳಿಂದ ಸಂಘದ ಕಚೇರಿಗೆ ಬಂದು ಹೋಗುವ ತರುಣರ ಬಾಯಲ್ಲಿ ಲಂಡನ್ನಿನ ರೊಬಸ್ಟಾ ಧಾರಣೆಯ ಜೊತೆಗೆ ಇಂಗ್ಲೆಂಡಿನ ಕುದುರೆಗಳ ಹೆಸರೂ ಕೇಳಿಬರುತ್ತಿದೆ. ಬ್ರಿಟನ್ನಿನಲ್ಲಿ, ಐರ್ಲೆಂಡಿನಲ್ಲಿ ದುಡಿಯುತ್ತಿರುವ ನಮ್ಮ ಮನೆಗಳ ಮಕ್ಕಳು ಅಲ್ಲಿಂದ ಸುದ್ದಿ ಕಳಿಸುತ್ತಾರೆ. ಇಲ್ಲಿಯವರು ಕೈಯಲ್ಲಿರುವ ಮೊಬೈಲಿನಲ್ಲಿ ಓಟ ನೋಡುತ್ತಾರೆ. ನೋಡುವುದರಲ್ಲಿ ನಮಗೆ ಯಾವ ಆಕ್ಷೇಪವೂ ಇಲ್ಲ. ನೋಡುವುದು ಮುಗಿದು ಹಣ ಕಟ್ಟುವುದು ಶುರುವಾಗುವ ಜಾಗದಲ್ಲಿ ನಾವು ಎರಡು ಮಾತು ಹೇಳಬೇಕಾಗಿದೆ.

ಇದಕ್ಕೆ ಕಾಲವೂ ಒಂದು ಕಾರಣ. ನವೆಂಬರಿನಿಂದ ಫೆಬ್ರವರಿಯವರೆಗೆ ನಮ್ಮಲ್ಲಿ ಕಾಫಿ ಹಣ್ಣಿನ ಕೊಯ್ಲು, ಅಡಿಕೆ ಸುಲಿತ, ಬೇಯಿಸುವ ಹಂಡೆ, ಒಣಗುವ ಕಣ. ವರ್ಷದ ದುಡ್ಡು ಕೈಗೆ ಬರುವ ತಿಂಗಳುಗಳು ಇವೇ. ಇಂಗ್ಲೆಂಡ್, ಐರ್ಲೆಂಡಿನ ಬೇಲಿ ಹಾರುವ ಕುದುರೆ ಓಟಕ್ಕೂ ಇದೇ ಸುಗ್ಗಿ. ಅಕ್ಟೋಬರಿನಲ್ಲಿ ಕಾವೇರತೊಡಗುವ ಆ ಓಟಗಳು ಮಾರ್ಚಿಯ ನಡುವೆ ಚೆಲ್ಟೆನ್‌ಹ್ಯಾಮ್ ಉತ್ಸವದಲ್ಲಿ ಶಿಖರ ಮುಟ್ಟುತ್ತವೆ. ನಾವು ಹೂಮಳೆಗಾಗಿ ಆಕಾಶ ನೋಡುವ ಹೊತ್ತಿಗೆ ಅವರು ಆ ನಾಲ್ಕು ದಿನಕ್ಕಾಗಿ ಕಾದು ಕುಳಿತಿರುತ್ತಾರೆ.

ಮೊದಲು ಈ ಆಟ ಏನೆಂಬುದನ್ನು ತಿಳಿಯೋಣ. ಬೆಂಗಳೂರಿನಲ್ಲಿ, ಮೈಸೂರಿನಲ್ಲಿ ನಾವು ಕಂಡಿರುವುದು ಸಮತಟ್ಟು ಹುಲ್ಲಿನ ಮೇಲಿನ ಓಟ. ಅಲ್ಲಿನದು ಬೇರೆ. ಕುದುರೆಯು ಸವಾರನನ್ನು ಹೊತ್ತು ಎರಡು ಮೈಲಿಯಿಂದ ನಾಲ್ಕು ಮೈಲಿಯ ಸಮೀಪದವರೆಗೆ ಓಡುತ್ತ ದಾರಿಯಲ್ಲಿ ಸಿಗುವ ಬೇಲಿಗಳನ್ನು ಹಾರಬೇಕು. ತಗ್ಗಾದ, ಬಾಗುವ ಬೇಲಿಗೆ ಹರ್ಡಲ್ ಎಂದೂ, ಎತ್ತರದ ದಪ್ಪ ಬೇಲಿಗಳ ಓಟಕ್ಕೆ ಸ್ಟೀಪಲ್‌ಚೇಸ್ ಎಂದೂ ಹೆಸರು. ಸ್ಟೀಪಲ್ ಎಂದರೆ ಚರ್ಚಿನ ಗೋಪುರ. 1752ರಲ್ಲಿ ಐರ್ಲೆಂಡಿನ ಕಾರ್ಕ್ ಸೀಮೆಯಲ್ಲಿ ಇಬ್ಬರು ಸವಾರರು ಬಟವಂಟ್ ಊರಿನ ಚರ್ಚಿನಿಂದ ಡೊನೆರೈಲ್ ಊರಿನ ಚರ್ಚಿನ ಗೋಪುರವನ್ನು ಗುರಿಯಾಗಿಟ್ಟುಕೊಂಡು, ಹೊಲ, ಹಳ್ಳ, ಕಲ್ಲುಗೋಡೆ ಯಾವುದನ್ನೂ ಬಿಡದೆ ಹಾರುತ್ತ ಸುಮಾರು ನಾಲ್ಕು ಮೈಲಿ ಓಡಿದರು ಎಂಬುದು ಈ ಹೆಸರಿನ ಹಿಂದಿನ ಕಥೆ. ಅಂದರೆ ಇದು ಹಳ್ಳಿಗಾಡಿನ ಹೊಲಗಳಲ್ಲಿ ಹುಟ್ಟಿದ ಆಟ.

ಚೆಲ್ಟೆನ್‌ಹ್ಯಾಮ್ ಇಂಗ್ಲೆಂಡಿನ ಗ್ಲಾಸ್ಟರ್‌ಷೈರಿನ ಒಂದು ಪಟ್ಟಣ. ಉತ್ಸವ ಮೊದಲು ಮೂರು ದಿನದ್ದಾಗಿತ್ತು. 2005ರಿಂದ ನಾಲ್ಕು ದಿನ, ದಿನಕ್ಕೆ ಏಳರಂತೆ 28 ಓಟಗಳು. ಮಂಗಳವಾರ ಚಾಂಪಿಯನ್ ಹರ್ಡಲ್, ಬುಧವಾರ ಕ್ವೀನ್ ಮದರ್ ಚಾಂಪಿಯನ್ ಚೇಸ್, ಗುರುವಾರ ಸ್ಟೇಯರ್ಸ್ ಹರ್ಡಲ್, ಶುಕ್ರವಾರ ಗೋಲ್ಡ್ ಕಪ್. ಗೋಲ್ಡ್ ಕಪ್ 1924ರಿಂದ ಬೇಲಿ ಹಾರುವ ಓಟವಾಗಿ ನಡೆದುಬಂದಿದೆ. ಮೂರು ಮೈಲಿ ಎರಡೂವರೆ ಫರ್ಲಾಂಗ್ ದೂರ, 22 ಬೇಲಿ, ಕೊನೆಯಲ್ಲಿ ಎದೆಯುಬ್ಬಸ ಬರಿಸುವ ಏರು. ಕೊನೆಯ ಬೇಲಿ ಹಾರಿ ಮುಂದಿದ್ದ ಕುದುರೆ ಆ ಏರಿನಲ್ಲಿ ಸೋತು ನಿಂತ ಉದಾಹರಣೆಗಳು ಎಷ್ಟೋ. 2022ರಲ್ಲಿ ನಾಲ್ಕು ದಿನಕ್ಕೆ 2,80,000ಕ್ಕೂ ಹೆಚ್ಚು ಜನ ಸೇರಿದ್ದರು. 2025ರಲ್ಲಿ ಅದು 2,19,000ದ ಆಸುಪಾಸಿಗೆ ಇಳಿಯಿತು. ಇಳಿದರೂ ಅದೊಂದು ದೊಡ್ಡ ಜಾತ್ರೆಯೇ.

ಈ ಆಟದ ಒಂದು ಗುಣ ನಮ್ಮಂಥ ಸಣ್ಣ ಹಿಡುವಳಿದಾರರಿಗೆ ಹಿಡಿಸುವಂಥದು. ಸಮತಟ್ಟು ಓಟದಲ್ಲಿ ಅರಬ್ ದೊರೆಗಳು, ಕೋಟ್ಯಧೀಶರು ಮುಂದಿದ್ದರೆ, ಚಳಿಗಾಲದ ಓಟದಲ್ಲಿ ಒಕ್ಕಲುತನದ ಮನೆಗಳಿಗೆ ಇನ್ನೂ ಜಾಗವಿದೆ. 1990ರ ಗೋಲ್ಡ್ ಕಪ್ಪಿನಲ್ಲಿ ಎಲ್ಲರ ನೆಚ್ಚಿನ ಬಿಳಿ ಕುದುರೆ ಡೆಸರ್ಟ್ ಆರ್ಕಿಡ್ ಓಡುತ್ತಿತ್ತು. ಗೆದ್ದದ್ದು ನಾರ್ಟನ್ಸ್ ಕಾಯಿನ್ ಎಂಬ ಕುದುರೆ. ಅದನ್ನು ಸಾಕಿ ಪಳಗಿಸಿದವರು ವೇಲ್ಸಿನ ಕಾರ್ಮಾರ್ಥೆನ್ ಬಳಿಯ ಹೈನುಗಾರ ಸಿರೆಲ್ ಗ್ರಿಫಿತ್ಸ್. ಓಟದ ದಿನ ಬೆಳಿಗ್ಗೆ ಹಸುಗಳ ಹಾಲು ಕರೆದಿಟ್ಟೇ ಅವರು ಚೆಲ್ಟೆನ್‌ಹ್ಯಾಮಿಗೆ ಹೊರಟಿದ್ದರು. ಬಾಜಿದರ ಒಂದಕ್ಕೆ ನೂರು. ಗೋಲ್ಡ್ ಕಪ್ಪಿನ ಇತಿಹಾಸದಲ್ಲಿ ಅಷ್ಟು ದೊಡ್ಡ ದರದ ಕುದುರೆ ಬೇರೊಂದು ಗೆದ್ದಿಲ್ಲ. ಅದೇ ರೀತಿ 2021ರಲ್ಲಿ ಚಾಂಪಿಯನ್ ಹರ್ಡಲ್, 2022ರಲ್ಲಿ ಗೋಲ್ಡ್ ಕಪ್ ಗೆದ್ದ ಮೊದಲ ಮಹಿಳಾ ಸವಾರಳಾದ ರೇಚಲ್ ಬ್ಲ್ಯಾಕ್‌ಮೋರ್ ಐರ್ಲೆಂಡಿನ ಟಿಪರೇರಿಯ ಹೈನುಗಾರರೊಬ್ಬರ ಮಗಳು. ಕೊಟ್ಟಿಗೆಯ ಸಗಣಿ ಬಾಚಿದ ಕೈಗಳೇ ಅಲ್ಲಿ ಬಟ್ಟಲು ಎತ್ತಿವೆ. ನಮ್ಮ ಕರಾವಳಿಯ ಅಡಿಕೆ ಸೀಮೆಯ ಕಂಬಳದಲ್ಲಿ ಕೋಣ ಸಾಕಿದ ಮನೆಯವರಿಗೆ ಇರುವ ಹೆಮ್ಮೆಯನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಈ ಓಟಗಳನ್ನು ಹಿಂಬಾಲಿಸುವುದೂ ಒಂದು ವಿದ್ಯೆ. ಅದನ್ನು ಬಲ್ಲವರು ನವೆಂಬರಿನಿಂದಲೇ ಒಂದು ನೋಟ್‌ಪುಸ್ತಕ ತೆರೆಯುತ್ತಾರೆ. ಡಿಸೆಂಬರ್ 26ಕ್ಕೆ ಕೆಂಪ್ಟನ್ ಪಾರ್ಕಿನ ಕಿಂಗ್ ಜಾರ್ಜ್ ಓಟ, ಅದೇ ವಾರ ಡಬ್ಲಿನ್ನಿನ ಲೆಪರ್ಡ್ಸ್‌ಟೌನಿನ ಕ್ರಿಸ್‌ಮಸ್ ಓಟಗಳು, ಜನವರಿ ಕೊನೆಗೆ ಚೆಲ್ಟೆನ್‌ಹ್ಯಾಮಿನಲ್ಲೇ ಪರೀಕ್ಷೆಯ ದಿನ, ಫೆಬ್ರವರಿ ಮೊದಲಲ್ಲಿ 2018ರಿಂದ ನಡೆಯುತ್ತಿರುವ ಡಬ್ಲಿನ್ ರೇಸಿಂಗ್ ಉತ್ಸವ. ಪ್ರತಿ ಓಟದಲ್ಲಿ ಕುದುರೆ ಯಾವ ನೆಲದಲ್ಲಿ ಓಡಿತು, ಬೇಲಿಯನ್ನು ಶುದ್ಧವಾಗಿ ಹಾರಿತೇ ಅಥವಾ ತಾಗಿಸಿತೇ, ಕೊನೆಯಲ್ಲಿ ಉಸಿರು ಉಳಿದಿತ್ತೇ, ಎಷ್ಟು ದಿನದ ವಿಶ್ರಾಂತಿ ಸಿಕ್ಕಿತ್ತು ಎಂದು ಬರೆದಿಡುತ್ತಾರೆ. ನೆಲದ ಹದಕ್ಕೆ ಅಲ್ಲಿ ಬಹಳ ಬೆಲೆ. ಮಳೆ ಕುಡಿದ ಕೆಸರಿನಲ್ಲಿ ರಾಜನಂತೆ ಓಡುವ ಕುದುರೆ ಒಣ ನೆಲದಲ್ಲಿ ಸಾಧಾರಣವಾಗುತ್ತದೆ. ಒಣ ನೆಲದ ವೇಗಿ ಕೆಸರಿನಲ್ಲಿ ಹೂತುಹೋಗುತ್ತದೆ. ನೆಲ ಹೆಪ್ಪುಗಟ್ಟಿದರೆ ಓಟವೇ ರದ್ದು. ಉತ್ಸವದ ಅಂಗಳದಲ್ಲೂ ಮೊದಲೆರಡು ದಿನದ ಪಥ ಒಂದು, ಕೊನೆಯೆರಡು ದಿನದ್ದು ಇನ್ನೊಂದು. ಎರಡರ ತಿರುವುಗಳೂ ಬೇರೆ. ಮಣ್ಣು, ಮಳೆ, ಹದ, ತಾಳ್ಮೆ ಇವನ್ನು ಓದುವ ವಿದ್ಯೆಯಾದ್ದರಿಂದ ಬೇಸಾಯಗಾರನಿಗೆ ಇದು ಬೇಗ ರುಚಿಸುತ್ತದೆ. ನಮ್ಮ ತರುಣರು ಇದರಲ್ಲಿ ಆಸಕ್ತಿ ತಳೆದರೆ ಆಶ್ಚರ್ಯವಿಲ್ಲ.

ಆಶ್ಚರ್ಯವೂ ಆತಂಕವೂ ಇರುವುದು ಮುಂದಿನ ಹೆಜ್ಜೆಯಲ್ಲಿ.

ಮಾರ್ಚಿಯಲ್ಲಿ ನಡೆಯುವ ಓಟಕ್ಕೆ ಡಿಸೆಂಬರಿನಲ್ಲೇ, ಕೆಲವೊಮ್ಮೆ ಹಿಂದಿನ ವರ್ಷವೇ, ಬುಕ್ಕಿಗಳು ದರ ತೆರೆದಿಡುತ್ತಾರೆ. ಇದನ್ನು ಮುಂಗಡ ಬಾಜಿ ಎನ್ನೋಣ. ಈಗ ಕಟ್ಟಿದರೆ ಒಂದಕ್ಕೆ ಎಂಟು, ಮಾರ್ಚಿಗೆ ಅದೇ ಕುದುರೆ ಒಂದಕ್ಕೆ ಮೂರಕ್ಕೆ ಇಳಿದಿರುತ್ತದೆ, ಈಗಲೇ ಕಟ್ಟುವವನು ಜಾಣ ಎಂಬ ಆಸೆ ಅದರ ಬೆನ್ನೆಲುಬು. ಆದರೆ ಮುಂಗಡ ಬಾಜಿಯ ಸಾಮಾನ್ಯ ಕರಾರು ಹೀಗಿದೆ: ಕುದುರೆಗೆ ಕಾಲು ಉಳುಕಿ ಓಟಕ್ಕೆ ಬಾರದಿದ್ದರೂ, ಮಾಲೀಕ ಮನಸ್ಸು ಬದಲಿಸಿ ಬೇರೆ ಓಟಕ್ಕೆ ಇಳಿಸಿದರೂ, ಕಟ್ಟಿದ ಹಣ ಹೋದಂತೆಯೇ. ಉತ್ಸವ ಹತ್ತಿರವಾದಾಗ ಮಾತ್ರ, ಕುದುರೆ ಓಡದಿದ್ದರೆ ಹಣ ವಾಪಸು ಎಂಬ ಕರಾರನ್ನು ಕೆಲವು ಬುಕ್ಕಿಗಳು ಕೊಡುತ್ತಾರೆ. ಆ ವೇಳೆಗೆ ದರ ತಗ್ಗಿರುತ್ತದೆ. ನಮ್ಮ ಹಿರಿಯರು ಕೂಸು ಹುಟ್ಟುವ ಮೊದಲೇ ಕುಲಾವಿ ಎಂದದ್ದು ಇಂಥದಕ್ಕೇ. ಇಲ್ಲಿ ಕುಲಾವಿ ಹೊಲಿಸಿದ್ದು ಮಾತ್ರವಲ್ಲ, ಹೊಲಿಗೆಯವನಿಗೆ ಪೂರ್ತಿ ಮಜೂರಿಯನ್ನೂ ಮುಂಗಡ ಕೊಟ್ಟಾಗಿರುತ್ತದೆ.

ಇದು ಬರಿಯ ಊಹೆಯಲ್ಲ. ಕಾನ್‌ಸ್ಟಿಟ್ಯೂಷನ್ ಹಿಲ್ ಎಂಬ ಕುದುರೆಯ ಮೂರು ವರ್ಷವನ್ನು ನೋಡಿ. 2023ರ ಚಾಂಪಿಯನ್ ಹರ್ಡಲನ್ನು ಅದು ಒಂಬತ್ತು ಕುದುರೆಯುದ್ದದ ಅಂತರದಿಂದ ಗೆದ್ದಿತು. ಇಂಥದು ತಲೆಮಾರಿಗೊಂದು ಎಂದರು ಬಲ್ಲವರು. 2024ಕ್ಕೂ ಅದೇ ಗೆಲ್ಲುತ್ತದೆಂದು ಚಳಿಗಾಲವಿಡೀ ಹಣ ಹರಿಯಿತು. ಫೆಬ್ರವರಿಯ ಕೊನೆಯಲ್ಲಿ ತಾಲೀಮಿನ ಓಟದಲ್ಲಿ ಕುದುರೆ ಸಪ್ಪೆಯಾಯಿತು. ಪರೀಕ್ಷಿಸಿದರೆ ಶ್ವಾಸಕೋಶದ ಸೋಂಕು. ಓಟಕ್ಕೆ ಬರಲೇ ಇಲ್ಲ. ಸ್ಟೇಟ್ ಮ್ಯಾನ್ ಗೆದ್ದಿತು. 2025ಕ್ಕೆ ಕಾನ್‌ಸ್ಟಿಟ್ಯೂಷನ್ ಹಿಲ್ ಚೇತರಿಸಿಕೊಂಡು, ಡಿಸೆಂಬರಿನಲ್ಲೂ ಜನವರಿಯಲ್ಲೂ ಗೆದ್ದು, ಎರಡು ಕಟ್ಟಿದರೆ ಒಂದೇ ಲಾಭ ಬರುವಷ್ಟು ನೆಚ್ಚಿನ ಕುದುರೆಯಾಗಿ ಬಂತು. ಐದನೆಯ ಬೇಲಿಯಲ್ಲಿ ಬಿತ್ತು. ಆಗ ಸ್ಟೇಟ್ ಮ್ಯಾನ್ ಮುಂದಿತ್ತು; ಕೊನೆಯ ಬೇಲಿಯವರೆಗೂ ಯಾರೂ ಹಿಡಿಯಲಾರದಷ್ಟು ಮುಂದಿತ್ತು. ಆ ಕೊನೆಯ ಬೇಲಿಯಲ್ಲಿ ಅದೂ ಬಿತ್ತು. ಗೆದ್ದದ್ದು ಒಂದಕ್ಕೆ ಇಪ್ಪತ್ತೈದು ದರದ ಗೋಲ್ಡನ್ ಏಸ್ ಎಂಬ ಹೆಣ್ಣು ಕುದುರೆ.

ಅದೇ ಉತ್ಸವದಲ್ಲಿ ಇನ್ನೊಂದು ನಡೆಯಿತು. ಲಾಸಿಮೌತ್ ಎಂಬ ಶ್ರೇಷ್ಠ ಹೆಣ್ಣು ಕುದುರೆ ಚಾಂಪಿಯನ್ ಹರ್ಡಲಿಗೆ ಬರಬಹುದೆಂದು ಹಣ ಕಟ್ಟಿದವರಿದ್ದರು. ಅದರ ಪಾಳಯದವರು ಅದನ್ನು ಹೆಣ್ಣು ಕುದುರೆಗಳಿಗೇ ಮೀಸಲಾದ ಓಟಕ್ಕೆ ಇಳಿಸಿದರು. ಅಲ್ಲಿ ಅದು ಗೆದ್ದಿತು. ಕುದುರೆ ಆರೋಗ್ಯವಾಗಿತ್ತು, ಓಡಿತು, ಗೆದ್ದಿತು. ಆದರೂ ಚಾಂಪಿಯನ್ ಹರ್ಡಲಿಗೆಂದು ಮುಂಗಡ ಕಟ್ಟಿದವರ ಹಣ ಹೋಯಿತು! ಮಾಲೀಕರು ಮಾಡಿದ್ದರಲ್ಲಿ ತಪ್ಪೇನಿಲ್ಲ; ಕುದುರೆ ಅವರದು, ಎಲ್ಲಿ ಓಡಿಸಬೇಕೆಂಬುದು ಅವರ ಇಷ್ಟ. ಹೊರಗಿನವನು ಹಣ ಕಟ್ಟಿದ್ದಾನೆಂದು ಅವರೇಕೆ ಯೋಚಿಸಬೇಕು? ಶುಕ್ರವಾರದ ಗೋಲ್ಡ್ ಕಪ್ಪಿನಲ್ಲಿ 2023, 2024 ಎರಡೂ ವರ್ಷ ಗೆದ್ದಿದ್ದ ಗ್ಯಾಲೊಪಿನ್ ಡೆ ಶಾಂ ಮೂರನೆಯದನ್ನೂ ಗೆಲ್ಲುವುದೆಂದು ಎಲ್ಲರೂ ನಂಬಿದ್ದರು. ಅದನ್ನು ಸೋಲಿಸಿದ ಇನೋದವೇಯುರ್‌ಥಿಂಕಿನ್ ಎಂಬ ಕುದುರೆ ಮೊದಲ ಪ್ರವೇಶಪಟ್ಟಿಯಲ್ಲೇ ಇರಲಿಲ್ಲ. ಮಾಲೀಕರು ತಡವಾಗಿ 25,000 ಪೌಂಡ್ ಕಟ್ಟಿ ಸೇರಿಸಿದ್ದರು. ಇಡೀ ಚಳಿಗಾಲ ಪಟ್ಟಿ ಓದಿದವನಿಗೂ ಗೆಲ್ಲುವ ಕುದುರೆಯ ಹೆಸರು ಆ ಪಟ್ಟಿಯಲ್ಲಿ ಸಿಕ್ಕುತ್ತಿರಲಿಲ್ಲ.

ಈಗ ಸ್ವಲ್ಪ ಲೆಕ್ಕ ಮಾಡೋಣ. ಔಟ್‌ಟರ್ನ್ ಲೆಕ್ಕ ಹಾಕಿ ಚೆರ್ರಿ ಮಾರುವ ನಮಗೆ ಇದು ಕಷ್ಟವಲ್ಲ.

ಮೊದಲನೆಯದು ಬುಕ್ಕಿಯ ತೂಕದ ಲೆಕ್ಕ. ತಿಳಿಯಲೆಂದು ಮೂರೇ ಕುದುರೆಗಳ ಓಟ ಎಂದಿಟ್ಟುಕೊಳ್ಳೋಣ, ಮೂರೂ ಸರಿಸಮ. ನ್ಯಾಯವಾದ ದರ ಒಂದಕ್ಕೆ ಎರಡು. ಬುಕ್ಕಿ ಕೊಡುವುದು ಒಂದಕ್ಕೆ ಒಂದೂವರೆ. ಮೂರು ಜನ ಒಂದೊಂದು ಕುದುರೆಗೆ ನೂರು ನೂರು ರೂಪಾಯಿ ಕಟ್ಟಿದರೆ ಬುಕ್ಕಿಯ ಕೈಗೆ 300 ಬಂತು. ಗೆದ್ದವನಿಗೆ ಅವನ ನೂರು, ಮೇಲೆ ನೂರೈವತ್ತು, ಒಟ್ಟು 250. ಯಾವ ಕುದುರೆ ಗೆದ್ದರೂ ಬುಕ್ಕಿಗೆ 50 ಉಳಿಯಿತು. ನಿಜವಾದ ಓಟಗಳಲ್ಲಿ ಈ ಕಡಿತ ಹೆಚ್ಚು ಕಡಿಮೆ ಆಗುತ್ತದೆ, ತತ್ತ್ವ ಮಾತ್ರ ಇದೇ. ತೂಕದ ತಕ್ಕಡಿ ಹಿಡಿದವನು ಪ್ರತಿ ಮೂಟೆಗೂ ಒಂದಿಷ್ಟು ಹೊಡೆಯುತ್ತಾನೆಂದು ಗೊತ್ತಾದರೆ ನಾವು ಅಲ್ಲಿ ಮಾಲು ಹಾಕುತ್ತೇವೆಯೇ?

ಎರಡನೆಯದು ಮುಂಗಡದ ಲೆಕ್ಕ. ಒಂದು ಒಳ್ಳೆಯ ಕುದುರೆಯಿದೆ. ಓಟಕ್ಕೆ ಇಳಿದರೆ ನಾಲ್ಕರಲ್ಲಿ ಒಂದು ಸಲ ಗೆಲ್ಲಬಲ್ಲದು. ಡಿಸೆಂಬರಿನಲ್ಲಿ ಅದರ ದರ ಒಂದಕ್ಕೆ ಐದು. ಮೇಲ್ನೋಟಕ್ಕೆ ಬಂಪರ್ ಲಾಭ. ಆದರೆ ಮಾರ್ಚಿಯವರೆಗೆ ಆರೋಗ್ಯವಾಗಿ ಉಳಿಯುವ ಸಂಭವ ನೂರಕ್ಕೆ 80 ಎನ್ನೋಣ. ಉಳಿದ ಮೇಲೆ ಇದೇ ಓಟಕ್ಕೆ ಇಳಿಸುವ ಸಂಭವ ನೂರಕ್ಕೆ 75. ಎರಡೂ ಸೇರಿದರೆ ನೂರಕ್ಕೆ 60 ಸಲ ಮಾತ್ರ ಕುದುರೆ ಆ ಓಟದ ಗೆರೆಗೆ ಬಂದು ನಿಲ್ಲುತ್ತದೆ. ಆ 60ರಲ್ಲಿ ನಾಲ್ಕನೇ ಒಂದು ಪಾಲು, ಅಂದರೆ 15 ಸಲ ಗೆಲುವು. ಇಂಥ ನೂರು ಬಾಜಿಗೆ ನೂರು ರೂಪಾಯಿಯಂತೆ 10,000 ಕಟ್ಟಿದವನಿಗೆ 15 ಸಲ 600ರಂತೆ 9,000 ಹಿಂದೆ ಬರುತ್ತದೆ. ಸಾವಿರ ರೂಪಾಯಿ ಕೈಬಿಟ್ಟಿತು. ಕುದುರೆಯನ್ನು ಅವನು ಸರಿಯಾಗಿಯೇ ಆರಿಸಿದ್ದ ಎಂಬುದನ್ನು ಗಮನಿಸಬೇಕು. ಜ್ಞಾನ ಸರಿಯಿದ್ದೂ ಸೋಲುವ ವ್ಯಾಪಾರ ಇದು. ಜ್ಞಾನವೂ ಇಲ್ಲದವನ ಪಾಡು ಹೇಳುವುದೇ ಬೇಡ.

ಇದಕ್ಕೆ ತರುಣರು ಕೊಡುವ ಉತ್ತರಗಳನ್ನೂ ನಾವು ಕೇಳಿದ್ದೇವೆ. ಅವನ್ನು ತಳ್ಳಿಹಾಕದೆ ಒಂದೊಂದಾಗಿ ನೋಡುವುದು ಸರಿ.

ಮೊದಲ ಉತ್ತರ: ಕುದುರೆ ಓಟ ಜೂಜಲ್ಲ, ಕೌಶಲದ ಆಟವೆಂದು ಸುಪ್ರೀಂ ಕೋರ್ಟೇ 1996ರಲ್ಲಿ ಹೇಳಿದೆಯಲ್ಲ? ಹೌದು, ಮದರಾಸಿನ ರೇಸ್ ಕ್ಲಬ್ಬಿಗೆ ಸಂಬಂಧಿಸಿದ ಮೊಕದ್ದಮೆಯಲ್ಲಿ ನ್ಯಾಯಾಲಯ ಹಾಗೆ ತೀರ್ಪು ಕೊಟ್ಟಿತು. ಆದರೆ ಕೌಶಲವಿದೆ ಎಂಬುದು ಬೇರೆ, ಲಾಭವಿದೆ ಎಂಬುದು ಬೇರೆ. ಮೇಲಿನ ಲೆಕ್ಕದಲ್ಲಿ ಕೌಶಲವಿದ್ದವನೇ ಸೋತದ್ದು. ಎದುರಿಗೆ ಕೂತ ಬುಕ್ಕಿಯೂ ಕೌಶಲವಿಲ್ಲದವನಲ್ಲ. ಜೊತೆಗೆ ನಮ್ಮ ದೇಶದಲ್ಲಿ 2025ರ ಸೆಪ್ಟೆಂಬರ್ 22ರಿಂದ ಕುದುರೆ ಬಾಜಿಯ ಮೇಲಿನ ಜಿ.ಎಸ್.ಟಿ. ನೂರಕ್ಕೆ 40ಕ್ಕೆ ಏರಿದೆ. ತೆರಿಗೆ ಕಳೆದು, ಬುಕ್ಕಿಯ ಕಡಿತ ಕಳೆದು ಗೆಲ್ಲುವ ಕೌಶಲ ಯಾರಲ್ಲಿದೆ?

ಎರಡನೆಯ ಉತ್ತರ: ನಮ್ಮ ಬೇಸಾಯವೇ ಒಂದು ಜೂಜಲ್ಲವೇ? ಹೂಮಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. 2025ರ ಫೆಬ್ರವರಿಯಲ್ಲಿ ಲಂಡನ್ನಿನ ರೊಬಸ್ಟಾ ಟನ್ನಿಗೆ 5,800 ಡಾಲರಿನ ಸಮೀಪಕ್ಕೆ ಹೋಗಿ, ಜುಲೈ ವೇಳೆಗೆ 3,500ಕ್ಕಿಂತ ಕೆಳಗಿಳಿಯಿತು. ಇಟ್ಟುಕೊಂಡವನು ಪೇಚಾಡಿದ, ಮಾರಿದವನು ನಕ್ಕ. ಇದಕ್ಕೂ ಕುದುರೆಗೂ ಏನು ವ್ಯತ್ಯಾಸ ಎನ್ನುತ್ತಾರೆ. ಮಾತು ಚುರುಕಾಗಿದೆ, ಸರಿಯಾಗಿಲ್ಲ. ಧಾರಣೆ ಇಳಿದರೂ ಗೋದಾಮಿನಲ್ಲಿ ಕಾಫಿ ಮೂಟೆ ಇದ್ದೇ ಇರುತ್ತದೆ. ಗಿಡ ತೋಟದಲ್ಲಿ ನಿಂತೇ ಇರುತ್ತದೆ. ನಮ್ಮ ಅಪಾಯ ನಾವು ಕರೆದು ತಂದದ್ದಲ್ಲ, ಕಸುಬಿನ ಜೊತೆಗೇ ಬಂದದ್ದು. ಅದನ್ನು ಕಡಿಮೆ ಮಾಡಿಕೊಳ್ಳುವುದಕ್ಕೆಂದೇ ಫಸಲಿನ ಒಂದು ಭಾಗವನ್ನು ಮುಂಚೆ ಮಾರುತ್ತೇವೆ, ಒಂದು ಭಾಗ ಇಟ್ಟುಕೊಳ್ಳುತ್ತೇವೆ, ಕಾಫಿಯ ನಡುವೆ ಮೆಣಸಿನ ಬಳ್ಳಿ ಹಬ್ಬಿಸುತ್ತೇವೆ. ಸಹಕಾರ ಸಂಘವೆಂಬುದು ಹುಟ್ಟಿದ್ದೂ ಅದಕ್ಕೇ. ಅಡಿಕೆಯ ಧಾರಣೆ ಬೆಳೆಗಾರನ ಕೈಮೀರಿ ಕುಸಿದ ಕಾಲದಲ್ಲಿ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಸ್ಥಾಪನೆಯಾಯಿತು. 1996ರಲ್ಲಿ ಕಾಫಿಯ ಪೂಲ್ ಪದ್ಧತಿ ಪೂರ್ತಿ ಕೊನೆಗೊಂಡ ಮೇಲೆ ಧಾರಣೆಯ ಏರಿಳಿತ ನೇರವಾಗಿ ನಮ್ಮ ಹೆಗಲಿಗೆ ಬಂತು. ಇಷ್ಟು ಅಪಾಯ ಈಗಾಗಲೇ ಹೊತ್ತವನು, ಯಾವ ಅವಶ್ಯಕತೆಯೂ ಇಲ್ಲದೆ ಇನ್ನೊಂದನ್ನು ದುಡ್ಡು ಕೊಟ್ಟು ಕೊಳ್ಳುವುದೇಕೆ? ಕಟ್ಟಿದ ಕುದುರೆ ಬಿದ್ದರೆ ಬಾಜಿದಾರನ ಗೋದಾಮಿನಲ್ಲಿ ಉಳಿಯುವುದು ಒಂದು ಚೀಟಿ, ಅಷ್ಟೇ.

ಮೂರನೆಯ ಉತ್ತರ ಸ್ವಲ್ಪ ಗಟ್ಟಿಯಾದುದು: ಬಾಜಿಯ ಹಣವಿಲ್ಲದಿದ್ದರೆ ಆ ಆಟವೇ ಉಳಿಯುವುದಿಲ್ಲ. ಇದು ಬಹುಮಟ್ಟಿಗೆ ನಿಜ. ಬ್ರಿಟನ್ನಿನಲ್ಲಿ 1961ರಲ್ಲಿ ಬಾಜಿ ಅಂಗಡಿಗಳು ಕಾನೂನುಬದ್ಧವಾದಾಗಲೇ, ಬುಕ್ಕಿಗಳ ಲಾಭದಲ್ಲಿ ಒಂದು ಪಾಲು ಓಟಕ್ಕೆ ಮರಳಬೇಕೆಂದು ಲೆವಿ ಮಂಡಳಿ ರಚಿಸಿದರು. ಇಂದಿಗೂ ಬ್ರಿಟನ್ನಿನ ಓಟಗಳ ಮೇಲಿನ ಒಟ್ಟು ಲಾಭದಲ್ಲಿ ನೂರಕ್ಕೆ 10ರಂತೆ ಅದಕ್ಕೆ ಸಲ್ಲಬೇಕು. ಅದರಿಂದ ಬಹುಮಾನದ ಹಣ, ಪಶುವೈದ್ಯ ಸಂಶೋಧನೆ ನಡೆಯುತ್ತದೆ. 2025ರ ಸೆಪ್ಟೆಂಬರ್ 10ರಂದು ಬಾಜಿ ತೆರಿಗೆಯ ಏರಿಕೆಯ ಪ್ರಸ್ತಾಪವನ್ನು ವಿರೋಧಿಸಿ ಅಲ್ಲಿನವರು ಒಂದು ದಿನ ಓಟಗಳನ್ನೇ ನಿಲ್ಲಿಸಿದರು. ಕುದುರೆ ಲಾಯದಲ್ಲಿ ದುಡಿಯುವ ಸಾವಿರಾರು ಕೂಲಿಯವರ ಅನ್ನ ಇದರಲ್ಲಿದೆ. ಅದನ್ನು ಹಗುರವಾಗಿ ಕಾಣುವವರು ನಾವಲ್ಲ. ಧಾರಣೆ ಬಿದ್ದರೆ ಲೈನ್ ಮನೆಗಳಲ್ಲಿ ಒಲೆ ಹೇಗೆ ಉರಿಯುತ್ತದೆಂಬುದನ್ನು ನೋಡಿದವರು ನಾವು. ಆದರೆ ಆ ಆಟವನ್ನು ಉಳಿಸುವ ಭಾರ ಆ ದೇಶದವರದು. ಇಲ್ಲಿಂದ ಕದ್ದುಮುಚ್ಚಿ ಮಧ್ಯವರ್ತಿಯ ಮೂಲಕ ಕಟ್ಟುವ ಹಣದಲ್ಲಿ ಒಂದು ಕಾಸೂ ಆ ಕುದುರೆಯ ಮೇವಿಗೆ ಹೋಗುವುದಿಲ್ಲ. ಮಧ್ಯವರ್ತಿಯ ಜೇಬಿಗೆ ಹೋಗುತ್ತದೆ.

ಆಟವನ್ನು ಹೊಗಳಿದ ಮೇಲೆ ಅದರ ಕಹಿಯನ್ನೂ ಹೇಳದಿದ್ದರೆ ಅರ್ಧ ಸತ್ಯವಾದೀತು. ಬೇಲಿ ಹಾರುವ ಓಟದಲ್ಲಿ ಕುದುರೆಗಳು ಸಾಯುತ್ತವೆ. 2018ರ ಉತ್ಸವದಲ್ಲಿ ಆರು ಕುದುರೆಗಳು ಸತ್ತವು. ಅಲ್ಲಿನ ಕುದುರೆ ಓಟದ ಪ್ರಾಧಿಕಾರ ವಿಚಾರಣೆ ನಡೆಸಿ 17 ಶಿಫಾರಸುಗಳನ್ನು ಮಾಡಿತು. ಕುದುರೆಯ ಕಣ್ಣಿಗೆ ಕಿತ್ತಳೆ ಬಣ್ಣ ಚೆನ್ನಾಗಿ ಕಾಣುವುದಿಲ್ಲವೆಂದು ಸಂಶೋಧನೆಯಿಂದ ತಿಳಿದ ಮೇಲೆ ಬೇಲಿಯ ಪಟ್ಟಿಗಳಿಗೆ ಬಿಳಿ ಬಣ್ಣ ಬಳಿಯತೊಡಗಿದರು. ಲಿವರ್‌ಪೂಲಿನ ಪ್ರಸಿದ್ಧ ಗ್ರ್ಯಾಂಡ್ ನ್ಯಾಷನಲ್ ಓಟದಲ್ಲಿ ಕುದುರೆಗಳ ಸಂಖ್ಯೆಯನ್ನು 2024ರಿಂದ 40ರ ಬದಲು 34ಕ್ಕೆ ಮಿತಗೊಳಿಸಿದರು. ತಪ್ಪು ಕಂಡಾಗ ತಿದ್ದಿಕೊಳ್ಳುವ ಈ ಕ್ರಮ ಮೆಚ್ಚತಕ್ಕದ್ದು. ಆದರೂ ದನಕರು ಸಾಕಿದ ನಮಗೆ, ಒಂದು ಜೀವದ ಕಾಲು ಮುರಿದ ಗಳಿಗೆಯನ್ನು ಬರೀ ಬಾಜಿಯ ಸೋಲೆಂದು ಕಾಣುವ ಮನಸ್ಸು ಬರಬಾರದು. ಹಣ ಕಟ್ಟಿದವನಿಗೆ ಆ ಮನಸ್ಸು ಬೇಗ ಬರುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಬಾಜಿಯನ್ನು ನೂರಾರು ವರ್ಷದಿಂದ ಒಪ್ಪಿಕೊಂಡು ಬಂದ ದೇಶ ಬ್ರಿಟನ್. ಆ ದೇಶವೇ 2020ರ ಏಪ್ರಿಲ್ 14ರಿಂದ ಕ್ರೆಡಿಟ್ ಕಾರ್ಡಿನಲ್ಲಿ ಬಾಜಿ ಕಟ್ಟುವುದನ್ನು ನಿಷೇಧಿಸಿತು. ಅರ್ಥವೇನು? ಸ್ವಂತ ಹಣ ಸೋತರೆ ಸೋಲು. ಸಾಲದ ಹಣ ಸೋತರೆ ಸಂಸಾರದ ನಾಶ ಎಂಬುದನ್ನು ಅವರು ಅನುಭವದಿಂದ ಕಲಿತರು. ಜೂಜಿನ ಚಟ ಹತ್ತಿದವರಿಗೆಂದೇ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಇಂಗ್ಲೆಂಡಿನಲ್ಲಿ 15 ಚಿಕಿತ್ಸಾಲಯಗಳನ್ನು ತೆರೆದಿದೆ. ಚಟವನ್ನು ರೋಗವೆಂದು ಕಂಡು ಮದ್ದು ಕೊಡುತ್ತಾರೆ. ಊರೆಲ್ಲ ಸೇರಿ ಹೀಯಾಳಿಸುವುದಿಲ್ಲ. ನಮ್ಮ ಸಂಸತ್ತು 2025ರ ಆಗಸ್ಟಿನಲ್ಲಿ ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು. ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಸೆರೆ, ಒಂದು ಕೋಟಿ ರೂಪಾಯಿವರೆಗೆ ದಂಡ ಎಂದು ಅದರಲ್ಲಿದೆ. ಆಡಿದವನನ್ನು ಶಿಕ್ಷಿಸುವ ಉದ್ದೇಶ ಅದಕ್ಕಿಲ್ಲ. ಕಾಯಿದೆ ಒಳ್ಳೆಯದೇ. ಆದರೆ ಕಾಯಿದೆ ದಿಲ್ಲಿಯಲ್ಲಿರುತ್ತದೆ, ಮೊಬೈಲು ಜೇಬಿನಲ್ಲಿರುತ್ತದೆ.

ನಮ್ಮ ಸೀಮೆಯಲ್ಲಿ ಇದು ಕುದುರೆಗೆ ಮಾತ್ರ ನಿಲ್ಲುವುದಿಲ್ಲ. ಮಾರ್ಚಿಯಲ್ಲಿ ಕುದುರೆ ಮುಗಿಯಿತೆಂದರೆ ಕ್ರಿಕೆಟ್ಟಿನ ಕಾಲ ಬರುತ್ತದೆ. ಅಡಿಕೆ ಈಡಿಟ್ಟು ತಂದ ಸಾಲ ಗೊಬ್ಬರಕ್ಕೂ ಹೋಗದೆ, ಆಳಿನ ಸಂಬಳಕ್ಕೂ ಹೋಗದೆ ಎಲ್ಲಿಗೋ ಸೋರಿದ ಮನೆಗಳನ್ನು ನಾವೆಲ್ಲ ಬಲ್ಲೆವು. ಹೆಸರು ಹೇಳುವುದು ಸಭ್ಯತೆಯಲ್ಲ. ಆ ಮನೆಗಳ ತಾಯಂದಿರು ಸಾಲದ ನೋಟೀಸು ಹಿಡಿದು ಕಚೇರಿಯ ಮೆಟ್ಟಿಲು ಹತ್ತುವಾಗ, ಈ ಸಾಲ ತಂದದ್ದೇ ತಮಗೆ ಗೊತ್ತಿರಲಿಲ್ಲ ಎನ್ನುತ್ತಾರೆ. ನೋವಿನ ಸಂಗತಿ ಅದು. ಸೋತ ಹಣಕ್ಕಿಂತ ಮನೆಯೊಳಗೆ ಮುಚ್ಚಿಟ್ಟ ಮಾತು ದೊಡ್ಡ ನಷ್ಟ.

ಆದ್ದರಿಂದ ಬರುವ ಮಹಾಸಭೆಯ ಮುಂದೆ ಮೂರು ಸಲಹೆಗಳನ್ನು ಇಡಬೇಕೆಂದಿದ್ದೇವೆ. ಒಂದು: ಫಸಲಿನ ಈಡಿನ ಮೇಲೆ ಕೊಡುವ ಸಾಲಕ್ಕೆ ಗಂಡ ಹೆಂಡತಿ ಇಬ್ಬರ ರುಜುವೂ ಇರಬೇಕು, ಅವಿವಾಹಿತರಾದರೆ ಮನೆಯ ಹಿರಿಯರೊಬ್ಬರದು. ಎರಡು: ಗೊಬ್ಬರ, ಔಷಧ, ಉಪಕರಣಗಳಿಗೆಂದು ಕೇಳುವ ಸಾಲವನ್ನು ಸಾಧ್ಯವಾದಷ್ಟೂ ಸಾಮಾನಿನ ರೂಪದಲ್ಲೇ ಸಂಘದ ಮಳಿಗೆಯಿಂದ ಕೊಡಬೇಕು. ಮೂರು: ಸಾಲದ ಸುಳಿಗೆ ಸಿಕ್ಕಿದ ಸದಸ್ಯನು ತಾನಾಗಿ ಬಂದು ಹೇಳಿಕೊಂಡರೆ, ಕಂತು ಹಂಚಿಕೊಡುವ ವಿಚಾರವನ್ನು ಆಡಳಿತ ಮಂಡಳಿ ಗೋಪ್ಯವಾಗಿ, ಸಹಾನುಭೂತಿಯಿಂದ ಪರಿಶೀಲಿಸಬೇಕು. ಮೊದಲನೆಯದು ಕೆಲವರಿಗೆ ಕಿರಿಕಿರಿ ಎನಿಸಬಹುದು. ತೋಟದ ಯಜಮಾನ ತಾನಿರುವಾಗ ಇನ್ನೊಬ್ಬರ ರುಜು ಏಕೆ ಎಂದು ಕೇಳಬಹುದು. ಸಾಲ ತೀರಿಸುವ ಭಾರ ಮನೆಮಂದಿಯದೆಲ್ಲ ಆಗುವಾಗ, ಸಾಲ ತರುವ ತಿಳಿವಳಿಕೆಯೂ ಮನೆಮಂದಿಗೆ ಇರುವುದು ನ್ಯಾಯವೆಂದು ನಮ್ಮ ಅಭಿಪ್ರಾಯ. ಇದನ್ನು ಒಪ್ಪದವರು ಸಭೆಗೆ ಬಂದು ವಾದಿಸಲಿ. ಸಹಕಾರವೆಂದರೆ ಅದೇ ತಾನೆ.

ತರುಣ ಮಿತ್ರರಿಗೆ ಒಂದು ಮಾತು. ಓಟ ನೋಡಿ. ನೋಟ್‌ಪುಸ್ತಕ ಇಟ್ಟು, ಯಾವ ಕುದುರೆ ಯಾವ ನೆಲದಲ್ಲಿ ಹೇಗೆ ಹಾರಿತೆಂದು ಬರೆಯಿರಿ. ಡಿಸೆಂಬರಿನಲ್ಲಿ ಯಾವುದು ಗೆಲ್ಲುತ್ತದೆಂದು ನಿಮಗೆ ತೋರಿತೋ ಅದರ ಹೆಸರನ್ನೂ ಅಂದಿನ ದರವನ್ನೂ ಬರೆದಿಡಿ. ಹಣ ಮಾತ್ರ ಕಟ್ಟಬೇಡಿ. ಮಾರ್ಚಿಯಲ್ಲಿ ಪುಸ್ತಕ ತೆರೆದು ಲೆಕ್ಕ ಮಾಡಿ ನೋಡಿ. ಪ್ರತಿ ಬಾಜಿಗೆ ನೂರು ರೂಪಾಯಿಯಂತೆ ಕಟ್ಟಿದ್ದರೆ ಎಷ್ಟು ಉಳಿಯುತ್ತಿತ್ತು, ಎಷ್ಟು ಹೋಗುತ್ತಿತ್ತು ಎಂಬುದು ಕಣ್ಣಿಗೆ ಕಾಣುತ್ತದೆ. ಅದೇ ಪುಸ್ತಕದ ಇನ್ನೊಂದು ಬದಿಯಲ್ಲಿ ನಿಮ್ಮ ತೋಟದ ಮಳೆ, ಹೂವು, ಕೊಯ್ದ ಹಣ್ಣು, ಒಣಗಿದ ತೂಕ, ಮಾರಿದ ಧಾರಣೆ ಬರೆದರೆ ಇನ್ನೂ ಒಳ್ಳೆಯದು. ಕುದುರೆಯ ಉಸಿರನ್ನು ಸಾವಿರಾರು ಮೈಲಿ ದೂರದಿಂದ ಅಳೆಯಬಲ್ಲ ಬುದ್ಧಿ, ಹಿತ್ತಲಿನ ಗಿಡದ ಕಾಂಡಕೊರಕವನ್ನೂ ಕಂಡುಹಿಡಿಯಬಲ್ಲದು.

ಮಹಾಸಭೆಯ ದಿನಾಂಕವನ್ನು ಬೇರೆ ತಿಳುವಳಿಕೆ ಪತ್ರದಲ್ಲಿ ತಿಳಿಸಲಾಗುವುದು. ಸದಸ್ಯರೆಲ್ಲರೂ, ಸಾಧ್ಯವಾದರೆ ಮನೆಯ ಹೆಣ್ಣುಮಕ್ಕಳೊಡನೆ, ತಪ್ಪದೆ ಬರಬೇಕೆಂದು ಕೋರುತ್ತೇವೆ.